ಮಣ್ಣಿನ ತೇವಾಂಶ ಆಧಾರಿತ ಪಂಪ್‌ಸೆಟ್ ನಿಯಂತ್ರಣ: ಸುರಕ್ಷಿತ ವಿದ್ಯುತ್ ಜೋಡಣೆಯ ಕ್ರಮಗಳು

ಹನಿ ನೀರಾವರಿ ಅಳವಡಿಸಿಕೊಂಡಿರುವ ರೈತರಲ್ಲಿ ಹಲವರು ಇಂದು ಮಣ್ಣಿನ ತೇವಾಂಶ ಸಂವೇದಕ ಮತ್ತು ಮೈಕ್ರೋಕಂಟ್ರೋಲರ್ ಬಳಸಿ ಪಂಪ್‌ಸೆಟ್ ತಾನಾಗಿಯೇ ಚಾಲನೆಗೊಳ್ಳುವ ವ್ಯವಸ್ಥೆಯನ್ನು ರೂಪಿಸಿಕೊಳ್ಳುತ್ತಿದ್ದಾರೆ. ಇದರಿಂದ ನೀರು, ವಿದ್ಯುತ್ ಹಾಗೂ ರಾತ್ರಿಯ ಓಡಾಟ ಉಳಿಯುತ್ತದೆ. ಆದರೆ ಮೈಕ್ರೋಕಂಟ್ರೋಲರ್ ಕೆಲಸ ಮಾಡುವುದು 3.3 ಅಥವಾ 5 ವೋಲ್ಟ್‌ನಲ್ಲಿ. ಪಂಪ್‌ಸೆಟ್ ನಡೆಯುವುದು 230 ಅಥವಾ 415 ವೋಲ್ಟ್‌ನಲ್ಲಿ. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಸೇರುವ ಸ್ಥಳದಲ್ಲಾಗುವ ತಪ್ಪು ಪ್ರಾಣಕ್ಕೆ ಎರವಾಗಬಲ್ಲದು.

ಅಪಾಯಗಳು ಮುಖ್ಯವಾಗಿ ಎರಡು

ಮೊದಲನೆಯದು, ಮೇನ್ಸ್ ವಿದ್ಯುತ್ ಕಡಿಮೆ ವೋಲ್ಟಿನ ಭಾಗಕ್ಕೆ ಹರಿಯುವುದು. ಸಂವೇದಕದ ತಂತಿ ಒದ್ದೆ ಮಣ್ಣಿನಲ್ಲಿ ಹೂತಿರುತ್ತದೆ. ಪೆಟ್ಟಿಗೆಯೊಳಗೆ ನಿರೋಧನ ಕೆಟ್ಟರೆ ಆ ತಂತಿಯ ಮೂಲಕ ವಿದ್ಯುತ್ ಬೆಳೆಯ ಸಾಲಿಗೇ ತಲುಪುತ್ತದೆ. ಬರಿಗಾಲಿನಲ್ಲಿ ಕಳೆ ತೆಗೆಯುವವರಿಗೆ ಅದರ ಸುಳಿವೂ ಇರುವುದಿಲ್ಲ.

ಎರಡನೆಯದು, ದುರಸ್ತಿಯಲ್ಲಿರುವಾಗ ಮೋಟಾರು ತಾನಾಗಿ ಚಾಲನೆಗೊಳ್ಳುವುದು. ಕೃಷಿ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ ನಿಗದಿತ ಅವಧಿಯಲ್ಲಿ ಮಾತ್ರ ಪೂರೈಕೆಯಾಗುತ್ತದೆ. ಕರೆಂಟ್ ಇಲ್ಲದ ವೇಳೆ ನೋಡಿ ಸ್ಟಾರ್ಟರಿಗೆ ಕೈಹಾಕುವುದು ನಮ್ಮಲ್ಲಿ ರೂಢಿ. ಸ್ವಯಂಚಾಲಿತ ವ್ಯವಸ್ಥೆ ಇರುವಲ್ಲಿ ಈ ರೂಢಿ ಮಾರಕ. ಕರೆಂಟ್ ಬಂದೊಡನೆ ಯಂತ್ರ ಯಾರನ್ನೂ ಕೇಳದೆ ಮೋಟಾರನ್ನು ಚಾಲನೆಗೊಳಿಸುತ್ತದೆ.

ಮೂರು ಹಂತದ ಜೋಡಣೆ

ಮೈಕ್ರೋಕಂಟ್ರೋಲರ್‌ನಿಂದ ಮೋಟಾರನ್ನು ನೇರವಾಗಿ ನಿಯಂತ್ರಿಸಬಾರದು. ಕ್ರಮ ಹೀಗಿರಲಿ: ಮೈಕ್ರೋಕಂಟ್ರೋಲರ್, ಚಿಕ್ಕ ರಿಲೇ, ಸ್ಟಾರ್ಟರಿನ ಕಾಂಟ್ಯಾಕ್ಟರ್, ಬಳಿಕ ಮೋಟಾರು.

1. ಆರ್ಡುಯಿನೊ ಉನೊ ಬೋರ್ಡಿನ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಪಡೆಯುವುದು ಸೂಕ್ತವಲ್ಲ. 5 ವೋಲ್ಟಿನ ಚಿಕ್ಕ ರಿಲೇಯ ಕಾಯಿಲ್‌ಗೆ ಸುಮಾರು 70 ಮಿಲಿಆಂಪಿಯರ್ ಬೇಕು. ಆದ್ದರಿಂದ ಟ್ರಾನ್ಸಿಸ್ಟರ್, ಡಯೋಡ್ ಮತ್ತು ಆಪ್ಟೋಕಪ್ಲರ್ ಇರುವ ಸಿದ್ಧ ರಿಲೇ ಮಾಡ್ಯೂಲನ್ನೇ ಬಳಸಿ. ಕಾಯಿಲ್ ಆಫ್ ಆಗುವಾಗ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ಡಯೋಡ್ ತಡೆಯುತ್ತದೆ.

2. ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುವುದನ್ನು ನಂಬಿ ಅದರಿಂದಲೇ ಮೋಟಾರನ್ನು ನಡೆಸಬೇಡಿ. 1 ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 6–7 ಆಂಪಿಯರ್ ತೆಗೆದುಕೊಂಡರೂ ಚಾಲನೆಯ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆಗ ರಿಲೇಯ ಸಂಪರ್ಕಗಳು ಒಂದಕ್ಕೊಂದು ಬೆಸೆದುಕೊಂಡು ಮೋಟಾರು ನಿಲ್ಲದೇ ಹೋಗಬಹುದು. ಚಿಕ್ಕ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ನಿಯಂತ್ರಿಸಲಿ.

3. ಸ್ಟಾರ್ಟರಿನ ಕಾಯಿಲ್ ಎಷ್ಟು ವೋಲ್ಟಿನದೆಂದು ಮೊದಲು ಓದಿ ತಿಳಿಯಿರಿ. ಮೂರು ಫೇಸ್ ಪಂಪ್‌ಸೆಟ್‌ಗಳ ಸ್ಟಾರ್ಟರಿನಲ್ಲಿ ಎರಡು ಫೇಸ್‌ಗಳ ನಡುವೆ ಕೆಲಸ ಮಾಡುವ 415 ವೋಲ್ಟಿನ ಕಾಯಿಲ್ ಇರುವುದು ಸಾಮಾನ್ಯ. ಮಾರುಕಟ್ಟೆಯ ಚಿಕ್ಕ ರಿಲೇ ಮಾಡ್ಯೂಲ್‌ಗಳ ಮಿತಿ 250 ವೋಲ್ಟ್. ಇವನ್ನು 415 ವೋಲ್ಟಿನ ಕಾಯಿಲಿಗೆ ಜೋಡಿಸಕೂಡದು. ಅಂತಹ ಕಡೆ 415/230 ವೋಲ್ಟಿನ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿಸಿ, 230 ವೋಲ್ಟಿನ ಕಾಯಿಲ್ ಅಳವಡಿಸಿ. ನ್ಯೂಟ್ರಲ್ ಇಲ್ಲವೆಂದು ಅರ್ಥಿಂಗ್ ತಂತಿಯನ್ನು ನ್ಯೂಟ್ರಲ್ ಆಗಿ ಎಂದಿಗೂ ಬಳಸಬಾರದು. ಅರ್ಥಿಂಗ್ ಸಂಪರ್ಕ ಸಡಿಲವಾದರೆ ಮೋಟಾರು ಮತ್ತು ಪೈಪುಗಳ ಮೈಯಲ್ಲೇ ವಿದ್ಯುತ್ ಹರಿಯುತ್ತದೆ.

4. ಸ್ಟಾಪ್ ಗುಂಡಿ, ಓವರ್‌ಲೋಡ್ ರಿಲೇ, ಫೇಸ್ ವೈಫಲ್ಯ ರಕ್ಷಕ ಮತ್ತು ನೀರಿಲ್ಲದಾಗ ನಿಲ್ಲಿಸುವ ಸಾಧನ ಇವೆಲ್ಲವೂ ಕಾಯಿಲಿನ ಸರಣಿಯಲ್ಲಿಯೇ ಉಳಿಯಬೇಕು. ರಿಲೇ ಇವುಗಳ ಜೊತೆಗೆ ಸೇರಬೇಕೇ ಹೊರತು ಇವುಗಳನ್ನು ದಾಟಿ ಹೋಗಬಾರದು.

ಪೆಟ್ಟಿಗೆ ಮತ್ತು ವಿದ್ಯುತ್ ಪೂರೈಕೆ

• ಮೇನ್ಸ್ ತಂತಿಗಳು ಹಾಗೂ ಸಂವೇದಕದ ತಂತಿಗಳಿಗೆ ಪ್ರತ್ಯೇಕ ಪೆಟ್ಟಿಗೆ ಉತ್ತಮ. ಒಂದೇ ಪೆಟ್ಟಿಗೆಯಾದರೆ ನಡುವೆ ನಿರೋಧಕ ತಡೆ ಇರಲಿ. ಎರಡೂ ಬಗೆಯ ತಂತಿಗಳು ಒಂದೇ ಪೈಪಿನಲ್ಲಿ ಸಾಗಬಾರದು.
• ಮೈಕ್ರೋಕಂಟ್ರೋಲರ್‌ಗೆ ಟ್ರಾನ್ಸ್‌ಫಾರ್ಮರ್‌ನಿಂದ ಪ್ರತ್ಯೇಕಿಸಿದ, ಬಿಐಎಸ್ ನೋಂದಣಿ ಗುರುತಿನ ಅಡಾಪ್ಟರನ್ನೇ ಬಳಸಿ. ಕೆಪಾಸಿಟರ್‌ನಿಂದ ವೋಲ್ಟೇಜ್ ಇಳಿಸುವ ಅಗ್ಗದ ಸರ್ಕ್ಯೂಟ್‌ಗಳಲ್ಲಿ ಈ ಪ್ರತ್ಯೇಕತೆ ಇರುವುದಿಲ್ಲ.
• ನಿಯಂತ್ರಣ ಸರ್ಕ್ಯೂಟಿಗೆ 2 ಆಂಪಿಯರ್ ಫ್ಯೂಸ್ ಇರಲಿ.
• ಮೂರು ಫೇಸ್ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಸಂಪರ್ಕ ಕಡ್ಡಾಯ.

ಪ್ರೋಗ್ರಾಮಿನಲ್ಲಿ ಇರಬೇಕಾದ ಎಚ್ಚರಿಕೆಗಳು

ಮೈಕ್ರೋಕಂಟ್ರೋಲರ್ ಆರಂಭವಾಗುವ ಕ್ಷಣದಲ್ಲಿ ಅದರ ಪಿನ್ನಿನ ಸ್ಥಿತಿ ಅನಿಶ್ಚಿತವಾಗಿರುತ್ತದೆ. ಆದ್ದರಿಂದ ಪಿನ್ ‘ಹೈ’ ಆದಾಗ ಮಾತ್ರ ಆನ್ ಆಗುವ ಮಾಡ್ಯೂಲ್ ಆರಿಸಿ, ಪಿನ್ ಮತ್ತು ಗ್ರೌಂಡ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಜೋಡಿಸಿ. ಕಾಯಿಲಿನ ತಂತಿಯನ್ನು ರಿಲೇಯ ‘ನಾರ್ಮಲಿ ಓಪನ್’ ತುದಿಗೇ ಕೊಡಿ. ಆಗ ನಿಯಂತ್ರಕ ಕೆಟ್ಟು ನಿಂತರೂ ಸಾಮಾನ್ಯವಾಗಿ ಮೋಟಾರು ಆಫ್ ಸ್ಥಿತಿಯಲ್ಲಿರುತ್ತದೆ. ಕರೆಂಟ್ ಬಂದ ಬಳಿಕ ಒಂದೆರಡು ನಿಮಿಷ ತಡೆದು ಚಾಲನೆ ನೀಡಿ. ಇದರಿಂದ ಒಂದೇ ಟ್ರಾನ್ಸ್‌ಫಾರ್ಮರಿನ ಎಲ್ಲ ಪಂಪುಗಳೂ ಒಟ್ಟಿಗೆ ಚಾಲನೆಗೊಂಡು ಉಂಟಾಗುವ ಹೊರೆಯೂ ತಗ್ಗುತ್ತದೆ. ಸಂವೇದಕದ ತಂತಿ ತುಂಡಾದರೆ ‘ಮಣ್ಣು ಒಣಗಿದೆ’ ಎಂಬ ತಪ್ಪು ಸಂದೇಶ ಬರಬಹುದು. ಗರಿಷ್ಠ ಚಾಲನಾ ಅವಧಿಯನ್ನು ತಪ್ಪದೆ ನಿಗದಿಪಡಿಸಿ.

ಕೈಹಾಕುವ ಮುನ್ನ

ಪ್ರೋಗ್ರಾಂ ‘ಆಫ್’ ತೋರಿಸಿದ ಮಾತ್ರಕ್ಕೆ ವಿದ್ಯುತ್ ಕಡಿತಗೊಂಡಿದೆ ಎಂದರ್ಥವಲ್ಲ. ಮೋಟಾರು ನಿಂತಿರುವಾಗಲೂ ಸ್ಟಾರ್ಟರಿನ ಒಳಬರುವ ತುದಿಗಳಲ್ಲಿ ವಿದ್ಯುತ್ ಇರುತ್ತದೆ. ಆದ್ದರಿಂದ:

1. ‘ಸ್ವಯಂ – ಬಂದ್ – ಕೈ’ ಎಂಬ ಮೂರು ಸ್ಥಾನಗಳ ಸ್ವಿಚ್ ಹಾಕಿಸಿ. ದುರಸ್ತಿಗೆ ಮುನ್ನ ಅದನ್ನು ‘ಬಂದ್’ ಸ್ಥಾನಕ್ಕೆ ತನ್ನಿ.
2. ಮೂರೂ ಫೇಸ್‌ಗಳನ್ನು ಕಡಿತಗೊಳಿಸುವ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ.
3. ಪ್ರತಿಯೊಂದು ಫೇಸನ್ನೂ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಕರೆಂಟ್ ಇಲ್ಲದ ಸಮಯದಲ್ಲೂ ಮೊದಲೆರಡು ಕ್ರಮಗಳನ್ನು ಬಿಡಬೇಡಿ.
4. ‘ಈ ಮೋಟಾರು ತಾನಾಗಿಯೇ ಚಾಲನೆಗೊಳ್ಳುತ್ತದೆ’ ಎಂಬ ಫಲಕವನ್ನು ಎದ್ದು ಕಾಣುವಂತೆ ಹಾಕಿ. ಮನೆಯವರಿಗೂ ಕೂಲಿಯಾಳುಗಳಿಗೂ ಇದನ್ನು ತಿಳಿಸಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಪ್ರಾತ್ಯಕ್ಷಿಕೆಗಳಲ್ಲಿ ರಿಲೇಗೆ ಮೇನ್ಸ್ ಬದಲು 12 ವೋಲ್ಟಿನ ಬಲ್ಬ್ ಜೋಡಿಸಿ ತೋರಿಸಿ. ನಿಯಂತ್ರಕವನ್ನು ಹಲವು ಬಾರಿ ಆಫ್ ಮಾಡಿ ಆನ್ ಮಾಡಿದಾಗ ಬಲ್ಬ್ ಒಮ್ಮೆಯೂ ಅಕಾಲದಲ್ಲಿ ಮಿನುಗಬಾರದು. ಸಂವೇದಕ ಮತ್ತು ಪ್ರೋಗ್ರಾಮಿನ ಕೆಲಸವನ್ನು ಆಸಕ್ತ ರೈತರು ಕಲಿತು ಮಾಡಬಹುದು. ಸ್ಟಾರ್ಟರಿನ ಒಳಗಿನ ಜೋಡಣೆಯನ್ನು ಮಾತ್ರ ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ಲೈನ್ ಅಥವಾ ಟ್ರಾನ್ಸ್‌ಫಾರ್ಮರ್ ದೋಷಗಳಿದ್ದರೆ 1912ಕ್ಕೆ ಕರೆ ಮಾಡಿ. ಬೆಳೆಗೆ ತಕ್ಕ ತೇವಾಂಶದ ಮಿತಿಗಳನ್ನು ನಿಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ನಿಗದಿಪಡಿಸಿಕೊಳ್ಳಿ.