ಹಾನಗಲ್‌ನಿಂದ ಸವಣೂರಿಗೆ ವಿಮಾನದಲ್ಲಿ ಎರಡೂವರೆ ನಿಮಿಷ!

ಫೋನ್ ಕೈಯಲ್ಲೇ ಇದೆಯಲ್ಲ, ಒಂದು ಲೆಕ್ಕ ಮಾಡೋಣ. ಮ್ಯಾಪ್ ಮೇಲೆ ಹಾನಗಲ್‌ನಿಂದ ಸವಣೂರಿಗೆ ನೇರ ಗೆರೆ ಎಳೀರಿ. ಸುಮಾರು 32 ಕಿ.ಮೀ. ಗಂಟೆಗೆ 800 ಕಿ.ಮೀ. ಹೋಗೋ ಜೆಟ್‌ಗೆ ಎರಡೂವರೆ ನಿಮಿಷದ ದಾರಿ. ಆದ್ರೆ ಎರಡೂ ಊರಲ್ಲಿ ವಿಮಾನ ನಿಲ್ದಾಣನೇ ಇಲ್ಲ!

ಟಿಕೆಟ್ ಮೇಲಿನ ಸಮಯ ಎರಡು ನಿಲ್ದಾಣಗಳ ನಡುವಿನದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರ ಪ್ರಯಾಣ ಶುರುವಾಗೋದು ಮನೆ ಬಾಗಿಲಿನಿಂದ. ಈ ವ್ಯತ್ಯಾಸದ ಕಥೆನೇ ಇವತ್ತಿನ ಕಂತು.

ಮೊದಲು 1932ಕ್ಕೆ ಹೋಗೋಣ. ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಪುಟ್ಟ ವಿಮಾನದಲ್ಲಿ ಅಂಚೆ ತಂದ್ರು. ಅಲ್ಲಿಂದ ಅದನ್ನ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ನಡುವೆ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಆಗ ಸವಣೂರು ಇನ್ನೂ ನವಾಬರ ಸಂಸ್ಥಾನ. ಪತ್ರಗಳು ಹಾರಿದವು, ನಮ್ಮ ಕಡೆ ಜನ ಹಾರೋದು ದೂರದ ಮಾತಾಗಿತ್ತು.

ಆ ಮಾತು ಹತ್ತಿರ ಬಂದಿದ್ದು 2003ರಲ್ಲಿ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ಏರ್ ಡೆಕ್ಕನ್ ಶುರು ಮಾಡಿದ್ರು. ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ಆಗ ಬೆಂಗಳೂರಲ್ಲಿ ಇಳೀತಿದ್ದುದು ಊರೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ.

2008ರ ಮೇನಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋಯ್ತು. ಮಜಾ ನೋಡ್ರಿ: ಹುಬ್ಬಳ್ಳಿಯಿಂದ ನೇರ ಗೆರೆ 385 ಕಿ.ಮೀ. ಇದ್ದದ್ದು 370ಕ್ಕೆ ಇಳೀತು. ಆಕಾಶದ ದಾರಿ ಕಡಿಮೆ ಆಯ್ತು. ಆದ್ರೆ ಮೆಜೆಸ್ಟಿಕ್‌ಗೆ ಹೋಗೋರಿಗೆ ನೆಲದ ದಾರಿ ಸುಮಾರು 35 ಕಿ.ಮೀ. ಆಯ್ತು!

ಈಗ ನಮ್ಮ ತಾಲ್ಲೂಕುಗಳ ಲೆಕ್ಕ. ಶಿಗ್ಗಾವಿಯಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ಕಾರಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಮೊದಲೇ ಹೋಗಿ ಚೆಕ್‌ಇನ್ ಮಾಡೋಕೆ ಒಂದೂವರೆ. ಹಾರಾಟ ಒಂದು ಗಂಟೆ ಚಿಲ್ಲರೆ. ಕೊನೆಗೆ ಬೆಂಗಳೂರು ಟ್ರಾಫಿಕ್ ಒಂದು ಗಂಟೆ ಚಿಲ್ಲರೆ. ಒಟ್ಟು ಐದು ಗಂಟೆ. ರಸ್ತೆಗೆ ಹೋಲಿಸಿದ್ರೆ ಉಳಿತಾಯ ಇದೆ.

ಹಿರೇಕೆರೂರಿನವರಿಗೆ? ಬೆಂಗಳೂರು ಇರೋದು ತೆಂಕಣಕ್ಕೆ, ಅವರು ಮೊದಲು ಹೋಗಬೇಕಿರೋದು ಬಡಗಣಕ್ಕೆ. ನೇರ ಗೆರೆಯಲ್ಲೇ ನೂರು ಕಿ.ಮೀ. ಹಿಂದಕ್ಕೆ! ಒಟ್ಟು ಆರು ಗಂಟೆ ದಾಟುತ್ತೆ. ಅಷ್ಟರಲ್ಲಿ ಕಾರಲ್ಲೇ ಬೆಂಗಳೂರು ಹತ್ತಿರ ಇರಬಹುದು.

2023 ಈ ಲೆಕ್ಕ ಬದಲಿಸಿತು. ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆ ನಿಲ್ದಾಣ ಉದ್ಘಾಟನೆ ಆಯ್ತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಶಿಕಾರಿಪುರದ ಮೇಲೆ ಹೋದ್ರೆ ಹಿರೇಕೆರೂರಿಗೆ ಹುಬ್ಬಳ್ಳಿಗಿಂತ ಅದೇ ಹತ್ತಿರ. ಅಲ್ಲಿಂದ ದೇವನಹಳ್ಳಿಗೆ ನೇರ ಗೆರೆ ಸುಮಾರು 240 ಕಿ.ಮೀ. ಅಷ್ಟೇ. ಆದ್ರೂ ಹಾರಾಟಕ್ಕೆ ಒಂದು ಗಂಟೆ ಬೇಕು, ಯಾಕಂದ್ರೆ ಏರೋದು, ಇಳಿಯೋದು, ರನ್‌ವೇ ಮೇಲೆ ಸಾಗೋದು ಎಲ್ಲಾ ವಿಮಾನಕ್ಕೂ ತಪ್ಪಿದ್ದಲ್ಲ.

ಅದಕ್ಕೇ ಹೇಳೋದು: ಬೆಂಗಳೂರಿಂದ ಮುಂದೆ ದಿಲ್ಲಿಗೋ ದುಬೈಗೋ ಹೋಗೋರಿಗೆ ವಿಮಾನ ಲಾಭ, ಊರೊಳಗೆ ಹೋಗೋರು ಕೂಡಿಸಿ ನೋಡಬೇಕು. ಮುಂದಿನ ಸಲ ಟಿಕೆಟ್ ಬುಕ್ ಮಾಡುವಾಗ ಗಡಿಯಾರವನ್ನ ರನ್‌ವೇಯಿಂದ ಅಲ್ಲ, ನಿಮ್ಮ ಮನೆ ಹೊಸ್ತಿಲಿಂದ ಶುರು ಮಾಡ್ರಿ. ಮುಂದಿನ ಕಂತಲ್ಲಿ ಸಿಗೋಣ.