ಉಕ್ಕಿನ ಪಟ್ಟಿ, ಸೀರೆಯ ನಿರಿಗೆ

ವಿಕ್ಟೋರಿಯಾ ಕಾಲದ ಯುರೋಪಿನಲ್ಲಿ, ಸುತ್ತಲೂ ಗಂಟೆಯಂತೆ ಉಬ್ಬಿದ್ದ ಹೆಂಗಸರ ಲಂಗ 1860ರ ದಶಕದ ಕೊನೆಗೆ ಮುಂದೆ ಚಪ್ಪಟೆಯಾಯಿತು. ಬಟ್ಟೆಯೆಲ್ಲ ಹಿಂದಕ್ಕೆ ಸರಿಯಿತು. ಆ ಭಾರ ಜೋತುಬೀಳದಂತೆ ಸೊಂಟದ ಹಿಂದೆ ಕಟ್ಟಿಕೊಂಡ ಆಸರೆಯೇ ಬಸಲ್. 1870ರ ದಶಕದ ನಡುವಿನವರೆಗೆ ಮೆರೆದು ಮರೆಯಾದ ಅದು 1883ರ ಸುಮಾರಿಗೆ ಮತ್ತೆ ಬಂತು.

ಇಂದು ನಾಟಕಕ್ಕೆಂದು ಹೊಲಿಯುವವರೂ ಹಳೆಯ ಕ್ರಮವನ್ನೇ ಹಿಡಿಯುತ್ತಾರೆ. ಗಟ್ಟಿ ಹತ್ತಿಬಟ್ಟೆಗೆ ಅಡ್ಡಲಾಗಿ ನಾಲ್ಕೈದು ಕೊಳವೆಗಳನ್ನು ಹೊಲಿದು, ತೆಳು ಉಕ್ಕಿನ ಪಟ್ಟಿ ತೂರಿಸಬೇಕು. ಪಟ್ಟಿಯ ಎರಡು ತುದಿಗಳನ್ನು ಒಳಗಿನಿಂದ ಲಾಡಿಯಲ್ಲಿ ಎಳೆದು ಕಟ್ಟಿದರೆ ಅದು ಬಿಲ್ಲಿನಂತೆ ಬಾಗುತ್ತದೆ. ಲಾಡಿ ಬಿಚ್ಚಿದರೆ ಮತ್ತೆ ಚಪ್ಪಟೆ.

ಇದೇ ಕಾಲದಲ್ಲಿ ಮುಂಬಯಿಯಲ್ಲಿ ಬೇರೊಂದು ಪ್ರಯೋಗ ನಡೆಯಿತು. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ 1864ರಲ್ಲಿ ಕಲ್ಕತ್ತೆಯಿಂದ ಹೊರಟಾಗ ಉಡುಪಿನದೇ ಚಿಂತೆ. ಅಂತಃಪುರದಲ್ಲಿ ಉಡುತ್ತಿದ್ದ ಒಂಟಿ ಸೀರೆಯಲ್ಲಿ ಹೊರಗೆ ಬರುವಂತಿರಲಿಲ್ಲ. ಫ್ರೆಂಚ್ ದರ್ಜಿಯ ಅಂಗಡಿಯಲ್ಲಿ ಹೊಲಿಸಿದ ಪೋಷಾಕು ಒಬ್ಬರೇ ತೊಟ್ಟುಕೊಳ್ಳಲಾಗದಷ್ಟು ತೊಡಕಿನದು. ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ ಅವರು ಹೊಸ ಉಡುಗೆ ರೂಢಿಸಿಕೊಂಡರು: ಒಳಲಂಗ, ರವಿಕೆ, ಮುಂದೆ ನಿರಿಗೆ. ಪಾರ್ಸಿಗಳ ಸೆರಗು ಬಲಹೆಗಲಿಗಿದ್ದರೆ, ಇವರು ಎಡಹೆಗಲಿಗೆ ಹಾಕಿದರು, ಬಲಗೈ ಬಿಡುವಾಯಿತು.

ಬಸಲ್ ಮರಳಿದ 1883ರಲ್ಲಿ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರು. ತಮ್ಮ ರವೀಂದ್ರನಾಥರೂ ಅಲ್ಲಿಗೆ ಬಂದಿದ್ದರು. 1890ರ ಹೊತ್ತಿಗೆ ಬಸಲ್ ಮೂಲೆ ಸೇರಿತು. ಎಡಹೆಗಲ ಸೆರಗು ಉಳಿಯಿತು. ನೆರೂಳಿನ ಲೋಕಲ್ಲಿನಲ್ಲಿ ಬಲಗೈಯಿಂದ ಹಿಡಿಕೆ ಹಿಡಿದು ನಿಂತ ಸೀರೆಯುಟ್ಟವರಿಗೆ ಅದರ ಅನುಕೂಲ ಇಂದಿಗೂ ಗೊತ್ತು.