ಜಾದೂಗಾರನ ಕೂಲಿ ಎಷ್ಟು?

ಕರಾರಿನ ಮೇಲೆ ಸಮುದ್ರ ದಾಟಿ ದುಡಿಯೋಕೆ ಹೋದ ಭಾರತೀಯರು ಅಂದ್ರೆ ನಮಗೆ ಮೊದಲು ನೆನಪಾಗೋದು ಮಾರಿಷಸ್, ಫಿಜಿಯ ಕಬ್ಬಿನ ತೋಟದ ಕೂಲಿಗಳು. ಆಮೇಲೆ ಗಲ್ಫ್‌ಗೆ ಬಂದ ನಮ್ಮಂಥ ಮೇಸ್ತ್ರಿ, ಪ್ಲಂಬರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳು. ಮಾರಿಷಸ್‌ನಲ್ಲಿ ಕರಾರು ಕೂಲಿ ಪದ್ಧತಿ ನೆಲೆ ನಿಂತದ್ದು 1834ರಿಂದ. ಅದಕ್ಕೂ 20 ವರ್ಷ ಮೊದಲೇ ನಮ್ಮ ದೇಶದ ಕೆಲವರು ಲಂಡನ್ನಿಗೆ ಹೋಗಿ ದಿನಾ ಕೆಲಸ ಮಾಡ್ತಿದ್ದರು. ಅವರು ಜಾದೂಗಾರರು. ನಮ್ಮ ಹಿರಿಯರು ಗಾರುಡಿಗರು, ಯಕ್ಷಿಣಿ ಮಾಡುವವರು ಅಂತ ಕರೀತಿದ್ದರಲ್ಲ, ಅಂಥವರು. ಪರದೇಶದಲ್ಲಿ ದುಡಿಯುವವರ ಇತಿಹಾಸದಲ್ಲಿ ಇವರಿಗೂ ಒಂದು ಪುಟ ಸಲ್ಲಬೇಕು. ಯಾಕಂದ್ರೆ ಸಂಬಳ, ಕರಾರು, ಏಜೆಂಟ್, ವಾಪಸ್ ಟಿಕೆಟ್ ಅಂತ ನಾವು ಇವತ್ತು ಮಾತಾಡೋದೆಲ್ಲ ಅವರ ಕಥೆಯಲ್ಲೂ ಇದೆ.

1813ರಲ್ಲಿ ಹಡಗಿನ ಕ್ಯಾಪ್ಟನ್ ಒಬ್ಬ ಭಾರತದಿಂದ ಒಂದು ತಂಡವನ್ನು ಕರೆತಂದು ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಪ್ರದರ್ಶನಕ್ಕೆ ಇಟ್ಟ. ಬಟ್ಟಲಿನ ಕೆಳಗೆ ಚೆಂಡು ಮಾಯ ಮಾಡುವುದು, ಹಿತ್ತಾಳೆ ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದು, ಕತ್ತಿ ನುಂಗುವುದು, ಇವೆಲ್ಲ ಅವರ ಆಟಗಳು. ನಮ್ಮ ಸಂತೆ, ಜಾತ್ರೆಗಳಲ್ಲಿ ಜನ ನಿಂತು ನೋಡಿ ಕಾಸು ಹಾಕಿ ಹೋಗುತ್ತಿದ್ದ ವಿದ್ಯೆಯನ್ನು ಲಂಡನ್ನಿನ ಶ್ರೀಮಂತರು ಟಿಕೆಟ್ ಕೊಂಡು, ಕುರ್ಚಿಯಲ್ಲಿ ಕೂತು ನೋಡಿದರು.

ಇದೇ ಹಾದಿಯಲ್ಲಿ ದೊಡ್ಡ ಹೆಸರು ಮಾಡಿದವನು ರಾಮೋ ಸಾಮಿ. ನಮ್ಮ ಕಡೆ ರಾಮಸ್ವಾಮಿ ಅನ್ನೋ ಹೆಸರು ಅಲ್ಲಿಯವರ ಬಾಯಲ್ಲಿ ಹಾಗಾಯಿತು. 1819ರಲ್ಲಿ ಆತ ಅಮೆರಿಕಕ್ಕೂ ಹೋಗಿ ಆಟ ತೋರಿಸಿದ. ಆಮೇಲೆ ಇಂಗ್ಲೆಂಡಿನಲ್ಲೇ ನಿಂತು, ಅಲ್ಲಿಯ ಹೆಣ್ಣುಮಗಳನ್ನೇ ಮದುವೆಯಾಗಿ, ವರ್ಷಗಟ್ಟಲೆ ಒಂದು ರಂಗಮಂದಿರದಿಂದ ಇನ್ನೊಂದಕ್ಕೆ ತಿರುಗಿದ. ಭಾರತೀಯ ಜಾದೂಗಾರ ಅಂದ್ರೆ ಆ ದೇಶದ ಜನಕ್ಕೆ ಆತನೇ ನೆನಪಾಗುವಷ್ಟು ಪ್ರಸಿದ್ಧಿ ಬಂತು. ವಿಲಿಯಂ ಹ್ಯಾಜ್ಲಿಟ್ ಅನ್ನುವ ಹೆಸರಾಂತ ಲೇಖಕ ಭಾರತೀಯ ಜಾದೂಗಾರರ ಮೇಲೆ ಒಂದು ಪ್ರಬಂಧವನ್ನೇ ಬರೆದ. ನಾಲ್ಕು ಹಿತ್ತಾಳೆ ಚೆಂಡುಗಳನ್ನು ಒಂದೂ ತಪ್ಪದ ಹಾಗೆ ಆಡಿಸುವ ಆ ಕೈಗಳ ಮುಂದೆ ತನ್ನ ಬರವಣಿಗೆ ಏನೂ ಅಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ.

ಹೊಗಳಿಕೆಗೆ ಕೊರತೆ ಇರಲಿಲ್ಲ. ಆದರೆ 1850ರಲ್ಲಿ ರಾಮೋ ಸಾಮಿ ಸತ್ತಾಗ ಮಣ್ಣು ಮಾಡೋಕೂ ಮನೆಯಲ್ಲಿ ಹಣ ಇರಲಿಲ್ಲ. ದಯವಿಟ್ಟು ಸಹಾಯ ಮಾಡಿ ಅಂತ ಹೆಂಡತಿ ಪತ್ರಿಕೆಯ ಮೂಲಕ ಜನರನ್ನು ಕೇಳಬೇಕಾಯಿತು. ಸಾವಿರಾರು ಜನ ಚಪ್ಪಾಳೆ ತಟ್ಟಿದ ಮನುಷ್ಯನ ಕೊನೆ ಇದು. ಆಡಿದ ದಿನ ಊಟ, ಆಡದ ದಿನ ಇಲ್ಲ. ಮುಪ್ಪಿಗೆ, ಕಾಯಿಲೆಗೆ, ಸಾವಿಗೆ ಅಂತ ಅವನ ಕೂಲಿಯಲ್ಲಿ ಯಾರೂ ಲೆಕ್ಕ ಹಿಡಿದಿರಲಿಲ್ಲ.

ಈ ವಿದ್ಯೆಗೆ ಬೆಲೆ ಕಟ್ಟೋದು ಯಾಕೆ ಕಷ್ಟ? ಇದಕ್ಕೆ ಉತ್ತರ ನಮ್ಮ ಕಸುಬಿನಲ್ಲೇ ಇದೆ ಅಂತ ನನ್ನ ಅನಿಸಿಕೆ. ಒಂದು ವಿಲ್ಲಾದಲ್ಲಿ ಅರ್ಧ ಮನೆಗೆ ಕರೆಂಟ್ ಇಲ್ಲ. ನಾವು ಹೋಗಿ ಟೆಸ್ಟರ್ ಹಿಡಿದು, ಡಿಬಿ ಬಿಚ್ಚಿ, ನ್ಯೂಟ್ರಲ್ ಲೂಸ್ ಆಗಿದ್ದನ್ನು ಹತ್ತು ನಿಮಿಷದಲ್ಲಿ ಹಿಡೀತೀವಿ. ಮನೆಯವರು, "ಹತ್ತು ನಿಮಿಷದ ಕೆಲಸಕ್ಕೆ ಇಷ್ಟು ದುಡ್ಡಾ?" ಅಂತಾರೆ. ಆ ಹತ್ತು ನಿಮಿಷದ ಹಿಂದೆ ಐಟಿಐನ ಎರಡು ವರ್ಷ, ಸೈಟಿನ ಹದಿನೈದು ವರ್ಷ ಇದೆ ಅನ್ನೋದು ಅವರಿಗೆ ಕಾಣಲ್ಲ. ಜಾದೂಗಾರನ ಸ್ಥಿತಿ ಇನ್ನೂ ಕಷ್ಟ. ನಾವು ಕೇಳಿದವರಿಗೆ ವೈರ್ ತೋರಿಸಿ ವಿವರಿಸಬಹುದು. ಆತ ತನ್ನ ಶ್ರಮವನ್ನು ತೋರಿಸಿದರೆ ಆಟವೇ ಕೆಟ್ಟುಹೋಗುತ್ತೆ. ಗೋಡೆಯೊಳಗಿನ ಕನ್ಸೀಲ್ಡ್ ವೈರಿಂಗ್ ಹಾಗೆ, ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಕಾಣಿಸದ ಕೆಲಸ ಅದು. ಕಾಣದ ಕೆಲಸಕ್ಕೆ ಕೂಲಿ ಕೇಳಬೇಕಾದರೆ ಕಾಗದದ ಮೇಲೆ ಕರಾರು ಗಟ್ಟಿ ಇರಬೇಕು.

ಕರಾರು ಇದ್ದರೂ ಪರದೇಶದಲ್ಲಿ ಏನಾಗಬಹುದು ಅನ್ನೋದಕ್ಕೆ 1885ರ ಘಟನೆ ಸಾಕ್ಷಿ. ಲಂಡನ್ನಿನ ಲಿಬರ್ಟಿ ಅನ್ನುವ ದೊಡ್ಡ ಅಂಗಡಿ, ಬ್ಯಾಟರ್‌ಸಿ ಪಾರ್ಕಿನಲ್ಲಿ 'ಭಾರತದ ಹಳ್ಳಿ' ಅಂತ ಒಂದು ಪ್ರದರ್ಶನ ಏರ್ಪಡಿಸಿತು. ಅದಕ್ಕಾಗಿ ಭಾರತದಿಂದ ಸುಮಾರು 40 ಜನರನ್ನು ಕರೆಸಿತು. ನೇಕಾರರು, ಕುಶಲಕರ್ಮಿಗಳ ಜೊತೆಗೆ ಜಾದೂ ಆಟದವರು, ಹಾವಾಡಿಗರು, ಕುಣಿಯುವವರು ಕೂಡ ಇದ್ದರು. ಅಲ್ಲಿಯ ಚಳಿಗಾಲದಲ್ಲಿ ಇವರು ಕೂತು ಕೆಲಸ ಮಾಡೋದನ್ನು ಜನ ಬಂದು ನೋಡಬೇಕು, ಅದು ಯೋಜನೆ. ಪ್ರದರ್ಶನ ನಷ್ಟಕ್ಕೆ ಹೋಯಿತು. ಕರಾರಿನ ವಿಷಯದಲ್ಲಿ ತಕರಾರು ಎದ್ದು, ಲಂಡನ್ನಿನಲ್ಲಿದ್ದ ಭಾರತೀಯ ವಕೀಲರೊಬ್ಬರು ಇವರ ಪರವಾಗಿ ನಿಲ್ಲಬೇಕಾಯಿತು. ಕಂಪನಿ ಮುಳುಗಿದಾಗ ಕ್ಯಾಂಪಿನಲ್ಲಿ ಸಂಬಳಕ್ಕೂ ಟಿಕೆಟ್‌ಗೂ ಕಾಯುತ್ತಾ ಕೂತವರನ್ನು ಕಂಡ ನಮಗೆ ಈ ಕಥೆ ಬಿಡಿಸಿ ಹೇಳೋದು ಬೇಕಿಲ್ಲ.

ಇಂಥ ವಿಷಯಗಳ ಮೇಲೆ ಭಾರತದ ಕಾನೂನೂ ಕಣ್ಣು ಹಾಯಿಸಿತು. 1922ರ ವಲಸೆ ಕಾಯ್ದೆಯಲ್ಲಿ ಕುಶಲ ಕೆಲಸ ಅಂದರೆ ಯಾವುದು ಅಂತ ಒಂದು ಪಟ್ಟಿ ಇದೆ. ಕುಶಲಕರ್ಮಿಗಳ ಜೊತೆಗೇ ಪ್ರದರ್ಶನ ಮತ್ತು ಮನರಂಜನೆಗಾಗಿ ಹೊರದೇಶಕ್ಕೆ ಹೋಗುವವರೂ ಅದರಲ್ಲಿ ಬರುತ್ತಾರೆ. ನಮ್ಮನ್ನು ಇಲ್ಲಿಗೆ ಕಳಿಸಿದ 1983ರ ವಲಸೆ ಕಾಯ್ದೆಯಲ್ಲೂ ಹಾಗೇ. ಟೆಕ್ನಿಷಿಯನ್, ಮೆಕ್ಯಾನಿಕ್, ಡ್ರೈವರ್, ನರ್ಸ್, ಮನೆಗೆಲಸದವರು, ಸಿನಿಮಾ, ಪ್ರದರ್ಶನ, ಮನರಂಜನೆಯ ಕೆಲಸದವರು ಎಲ್ಲ ಒಂದೇ ಪಟ್ಟಿಯಲ್ಲಿ. ಅಂದ್ರೆ ಕಾನೂನಿನ ಕಣ್ಣಿಗೆ ಜಾದೂಗಾರನೂ ಎಲೆಕ್ಟ್ರಿಷಿಯನ್ನೂ ಒಂದೇ ಸಾಲಿನಲ್ಲಿ ನಿಂತ ದುಡಿಮೆಗಾರರು. ನಾವೇ ಆತನನ್ನು ಬೇರೆ ಅಂತ ತಿಳಿದುಕೊಂಡಿದ್ದೀವಿ.

ಹಾಗಂತ ಬಿಳಿಯ ಜಾದೂಗಾರರು ಆಗ ಸುಖವಾಗಿದ್ದರು ಅಂತಲ್ಲ. ಕೈಕೋಳ ಬಿಡಿಸಿಕೊಳ್ಳೋದರಲ್ಲಿ ಲೋಕಪ್ರಸಿದ್ಧನಾದ ಹ್ಯಾರಿ ಹೌದಿನಿ, ಅಮೆರಿಕದ ಅಗ್ಗದ ಮನರಂಜನೆಯ ಜಾಗಗಳಲ್ಲಿ ವಾರಕ್ಕೆ 12 ಡಾಲರ್‌ಗೆ, ಕೆಲವು ದಿನ 20 ಸಲ ಆಟ ತೋರಿಸಿ ಶುರು ಮಾಡಿದವನು. ಲಂಡನ್ನಿನ ಮ್ಯೂಸಿಕ್ ಹಾಲ್‌ಗಳಲ್ಲಿ ಹಾಡುಗಾರರು, ಹಾಸ್ಯಗಾರರು, ಜಾದೂಗಾರರು ಎಲ್ಲ ಒಂದೇ ವೇದಿಕೆಯಲ್ಲಿ ಸರದಿ ಪ್ರಕಾರ ಬರುತ್ತಿದ್ದರು. ಮಾಲೀಕರು ಮಧ್ಯಾಹ್ನದ ಆಟಗಳನ್ನು ಹೆಚ್ಚಿಸುತ್ತಾ ಹೋದರು, ಕೂಲಿ ಮಾತ್ರ ಹೆಚ್ಚಿಸಲಿಲ್ಲ. ಅದರ ಮೇಲೆ ಇನ್ನೊಂದು ಷರತ್ತು. ನಮ್ಮಲ್ಲಿ ಆಡಿದವನು ಇಷ್ಟು ತಿಂಗಳು, ಇಷ್ಟು ಮೈಲಿಯೊಳಗೆ ಬೇರೆ ಕಡೆ ಆಡುವ ಹಾಗಿಲ್ಲ! ನಮ್ಮಲ್ಲಿ ರಿಲೀಸ್ ಇಲ್ಲ, ಎನ್‌ಓಸಿ ಇಲ್ಲ, ಬ್ಯಾನ್ ಬೀಳುತ್ತೆ ಅಂತಾರಲ್ಲ, ಹೆಚ್ಚು ಕಡಿಮೆ ಅದೇ.

1906ರಲ್ಲಿ ಈ ಕಲಾವಿದರೆಲ್ಲ ಸೇರಿ ಒಂದು ಸಂಘ ಕಟ್ಟಿದರು. 1907ರ ಜನವರಿಯಲ್ಲಿ ಮುಷ್ಕರ ಹೂಡಿದರು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಂಗತಿ. ಮೇರಿ ಲಾಯ್ಡ್ ಎಂಬ ಗಾಯಕಿಗೆ ಆಗಲೇ ಕೈತುಂಬ ಸಂಪಾದನೆ ಇತ್ತು, ಮುಷ್ಕರದಿಂದ ಆಕೆಗೆ ಸಿಗೋದು ಏನೂ ಇರಲಿಲ್ಲ. ಆದರೂ ಸಣ್ಣ ಸಂಬಳದವರ ಪರವಾಗಿ ಆಕೆ ರಂಗಮಂದಿರದ ಬಾಗಿಲಲ್ಲಿ ನಿಂತಳು. ಕೊನೆಗೆ ಜಾರ್ಜ್ ಆಸ್ಕ್‌ವಿತ್ ಎಂಬುವರ ಮಧ್ಯಸ್ಥಿಕೆಯಲ್ಲಿ ಕೂಲಿ, ಕೆಲಸದ ಹೊತ್ತು, ಮಧ್ಯಾಹ್ನದ ಆಟ ಇವಕ್ಕೆಲ್ಲ ನಿಯಮ ಬರೆದಿಟ್ಟರು. ರಾಮೋ ಸಾಮಿ ಸತ್ತು 57 ವರ್ಷ ಆದ ಮೇಲೆ ಆತ ಆಡಿದ ಊರಲ್ಲಿ ಆಟದವರ ಕೂಲಿ ಒಂದು ಲೆಕ್ಕಕ್ಕೆ ಬಂತು. ಅದು ಬಂದದ್ದು ಕೈಚಳಕದಿಂದಲ್ಲ, ಒಗ್ಗಟ್ಟಿನಿಂದ.

ಸಂಘದ ದಾರಿ ಒಂದಾದರೆ, ತಾನೇ ಮಾಲೀಕನಾಗೋದು ಇನ್ನೊಂದು ದಾರಿ. ಅದನ್ನು ತೋರಿಸಿದವರು ಬಂಗಾಳದ ಪಿ.ಸಿ. ಸೊರ್ಕಾರ್ (1913–1971). ಅವರು ಬೇರೆಯವರ ಪ್ರದರ್ಶನದಲ್ಲಿ ಒಂದು ಐಟಂ ಆಗಿ ಉಳಿಯಲಿಲ್ಲ. ಸ್ವಂತ ತಂಡ, ಸ್ವಂತ ವೇಷಭೂಷಣ, ಸ್ವಂತ ಪೋಸ್ಟರ್, 'ಇಂದ್ರಜಾಲ' ಅಂತ ತಮ್ಮದೇ ಹೆಸರಿನ ಪೂರ್ತಿ ಪ್ರದರ್ಶನ. 1956ರ ಏಪ್ರಿಲ್ 9ರಂದು ಬಿಬಿಸಿ ಟಿವಿಯ ಪನೋರಮಾ ಕಾರ್ಯಕ್ರಮದಲ್ಲಿ ಹುಡುಗಿಯನ್ನು ಗರಗಸದಿಂದ ಎರಡು ತುಂಡು ಮಾಡುವ ಆಟ ತೋರಿಸಿದರು. ಆಕೆ ಎದ್ದೇಳುವ ಮುಂಚೆಯೇ ಕಾರ್ಯಕ್ರಮ ಮುಗಿದುಹೋಯಿತು. ಹುಡುಗಿ ಸತ್ತೇ ಹೋದಳು ಅಂತ ಗಾಬರಿಯಾದ ಜನ ಬಿಬಿಸಿಗೆ ಒಂದೇ ಸಮನೆ ಫೋನ್ ಮಾಡಿದರು. ಮರುದಿನದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ಅವರ ಆಟಗಳಿಗೆ ಜನ ಮುಗಿಬಿದ್ದರು. ಟಿವಿಯ ಪ್ರಚಾರವನ್ನು ಗಲ್ಲಾಪೆಟ್ಟಿಗೆಯ ದುಡ್ಡಾಗಿ ಮಾಡಿಕೊಳ್ಳಲು ಸಾಧ್ಯವಾದದ್ದು ಪ್ರದರ್ಶನ ಅವರ ಕೈಯಲ್ಲೇ ಇದ್ದದ್ದರಿಂದ. 1964ರಲ್ಲಿ ಪದ್ಮಶ್ರೀ ಬಂತು. ಅವರೂ ತೀರಿಕೊಂಡದ್ದು ಪರದೇಶದಲ್ಲೇ, 1971ರ ಜನವರಿ 6ರಂದು ಜಪಾನಿನಲ್ಲಿ, ಪ್ರವಾಸದ ನಡುವೆ.

ಎಲ್ಲರೂ ಸೊರ್ಕಾರ್ ಆಗೋಕೆ ಆಗಲ್ಲ. ಊರಲ್ಲಿ ಉಳಿದ ಸಣ್ಣ ಜಾದೂಗಾರರ ಪಾಡು ಏನಾಯಿತು ಅಂತಲೂ ನೋಡಬೇಕು. ನಾವು ಪ್ರೈಮರಿ ಶಾಲೆಯಲ್ಲಿದ್ದಾಗ ವರ್ಷಕ್ಕೊಮ್ಮೆ ಜಾದೂ ಮಾಡುವವರು ಬರೋರು. ಮೇಷ್ಟ್ರು ತಲೆಗೆ ಒಂದು ರೂಪಾಯಿ ತರೋಕೆ ಹೇಳೋರು. ಅದರಲ್ಲೇ ಆತನ ಬಸ್ ಚಾರ್ಜು, ಊಟ, ಮನೆ. ಬೀದಿಯಲ್ಲಿ ಆಡುವವನಿಗೆ ಅದೂ ಇಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯನ್ನು ತೆಗೆದು ನೋಡಿ. ಹಾಡು, ಕುಣಿತ, ಭವಿಷ್ಯ ಹೇಳುವುದು, ಕೈಚಳಕ ತೋರಿಸುವುದು ಇವುಗಳ ನೆಪದಲ್ಲಿ ಸಾರ್ವಜನಿಕ ಜಾಗದಲ್ಲಿ ಕಾಸು ಪಡೆದರೂ ಅದು ಭಿಕ್ಷೆಯೇ. 1959ರ ಬಾಂಬೆ ಕಾಯ್ದೆಯೂ ಇದೇ ಧಾಟಿಯದು. ಅದು ದೆಹಲಿಗೂ ಅನ್ವಯಿಸುತ್ತಿತ್ತು. 2018ರಲ್ಲಿ ದೆಹಲಿ ಹೈಕೋರ್ಟ್ ಭಿಕ್ಷೆಯನ್ನು ಅಪರಾಧ ಅನ್ನುವ ಅದರ ಕಲಮುಗಳನ್ನು ರದ್ದು ಮಾಡಿತು. ಅದೇ ದೆಹಲಿಯ ಕಠ್‌ಪುತ್ಲಿ ಕಾಲೊನಿಯಲ್ಲಿ ದಶಕಗಳ ಕಾಲ ಗೊಂಬೆಯಾಟದವರು, ಜಾದೂಗಾರರು ವಾಸವಾಗಿದ್ದರು. ಭಾರತದ ಹಗ್ಗದ ಜಾದೂ ಅಂತ ಲೋಕವೆಲ್ಲ ಮಾತಾಡುವ ಆಟವನ್ನು 1995ರಲ್ಲಿ ಬಯಲಿನಲ್ಲಿ ಮಾಡಿ ತೋರಿಸಿದ ಇಶಾಮುದ್ದೀನ್ ಖಾನ್ ಕೂಡ ದೆಹಲಿಯ ಬೀದಿ ಜಾದೂಗಾರರ ಸಮುದಾಯದವರೇ. ಆ ಕಾಲೊನಿಯನ್ನು 2017ರಲ್ಲಿ ಕೆಡವಿದರು. ಲಂಡನ್ನಿನಲ್ಲಿ ಟಿಕೆಟ್ ಕೊಂಡು ನೋಡಿದ್ದ ವಿದ್ಯೆಗೆ ನಮ್ಮ ನೆಲದಲ್ಲೇ ಭಿಕ್ಷೆ ಅಂತ ಹೆಸರು.

ಈಗ ನಮ್ಮ ಮನೆಯ ಮಾತಿಗೆ ಬರ್ತೀನಿ. ಇಲ್ಲಿ ವೇದಿಕೆಗೆ ಲೈಟು, ಕೇಬಲ್ ಎಳೆಯೋ ಕೆಲಸಕ್ಕೆ ನಾನು ಎಷ್ಟೋ ಸಲ ಹೋಗಿದ್ದೀನಿ. ಒಂದು ಹಬ್ಬದ ಕಾರ್ಯಕ್ರಮದಲ್ಲಿ ನಮ್ಮ ಊರ ಕಡೆಯ ಜಾದೂಗಾರರೊಬ್ಬರು ಬಂದಿದ್ದರು. 25 ನಿಮಿಷದ ಆಟಕ್ಕೆ ಮಧ್ಯಾಹ್ನ ಮೂರಕ್ಕೇ ಬಂದು, ಪೆಟ್ಟಿಗೆ ಇಳಿಸಿ, ಬೆಳಕು ಎಲ್ಲಿ ಬೀಳಬೇಕು ಅಂತ ನನ್ನ ಜೊತೆ ನಿಂತು ನೋಡಿಕೊಂಡರು. ಆಟ ಮುಗಿದಾಗ ರಾತ್ರಿ ಹತ್ತೂವರೆ. ಲೈಟಿನವರಿಗೆ, ಸೌಂಡಿನವರಿಗೆ, ಊಟದವರಿಗೆ ದುಡ್ಡು ಕೊಟ್ಟರು. ಅವರಿಗೆ ಮಾತ್ರ ಶಾಲು, ಹಾರ, ಗಾಜಿನ ಒಂದು ಫಲಕ. "ಅಣ್ಣಾ, ನಿಮಗೆಷ್ಟು ಕೊಟ್ಟರು?" ಅಂತ ಕೇಳಿದೆ. "ಮುಂದಿನ ಸಲ ನೋಡೋಣ ಅಂದ್ರಪ್ಪ. ಇಂಥ ಶಾಲು ಮನೆಯಲ್ಲಿ ಹದಿನಾಲ್ಕು ಇವೆ" ಅಂದ್ರು. ನಗ್ತಾನೇ ಅಂದ್ರು. ನನಗೆ ನಗು ಬರಲಿಲ್ಲ.

ಯಾರನ್ನೋ ದೂರೋಕೆ ಇದನ್ನು ಬರೀತಿಲ್ಲ. ಸಂಘಗಳ ಹತ್ತಿರ ಕೋಟಿ ಇಲ್ಲ, ನಾವೆಲ್ಲ ಚಂದಾ ಎತ್ತಿ ರಾಜ್ಯೋತ್ಸವ ಮಾಡೋರು. ಆದರೆ ಜನರೇಟರ್‌ಗೆ ದುಡ್ಡು ಹೊಂದಿಸೋರು ಕಲಾವಿದರ ಕೂಲಿಯನ್ನೂ ಹೊಂದಿಸಬಹುದು. ನಮಗೆ ಎರಡು ತಿಂಗಳು ಸಂಬಳ ತಡವಾದರೆ ಲೇಬರ್ ಕೋರ್ಟ್ ಅಂತೀವಿ. ನಾವೇ ಕರೆಸುವ ಕಡೆ ಕೂತಾಗ, ಕಲೆಗೆ ಬೆಲೆ ಕಟ್ಟೋಕಾಗುತ್ತಾ ಅಂತ ಮಾತು ತೇಲಿಸಿಬಿಡ್ತೀವಿ. ಬೆಲೆ ಕಟ್ಟಬಹುದು, ಅದೇನು ಕಷ್ಟದ ಲೆಕ್ಕ ಅಲ್ಲ. ಬಂದು ಹೋಗುವ ಖರ್ಚು, ಸಾಮಾನಿನ ಸವಕಳಿ, ವೇದಿಕೆಯ ಹತ್ತಿರ ಕಾಯುವ ಹೊತ್ತು, ಆ ದಿನ ಬಿಟ್ಟು ಬಂದ ಬೇರೆ ದುಡಿಮೆ, ಆಮೇಲೆ ಅವರ ವಿದ್ಯೆ. ಈ ಐದನ್ನು ಕೂಡಿಸಿ, ಕರೆಸುವ ದಿನವೇ ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿದರೆ ಆಯಿತು. ಅರ್ಧ ಮುಂಗಡ, ಉಳಿದರ್ಧ ಪೆಟ್ಟಿಗೆ ಕಟ್ಟುವ ಮುಂಚೆ. ಕೊಡೋಕೆ ಶಕ್ತಿ ಇಲ್ಲ ಅಂದ್ರೆ ಅದನ್ನೂ ಮೊದಲೇ ಹೇಳಬೇಕು. ಪುಕ್ಕಟೆ ಮಾಡೋದು ಬಿಡೋದು ಅವರ ಇಷ್ಟ.

ಶಾಲು ಬೇಡ ಅನ್ನಲ್ಲ, ಹೊದಿಸೋಣ. ಆದರೆ ಶಾಲಿನ ಜೊತೆ ಲಕೋಟೆಯೂ ಇರಲಿ. ಈ ವರ್ಷದ ಕಾರ್ಯಕ್ರಮದ ಖರ್ಚಿನ ಪಟ್ಟಿ ಬರೆಯೋಕೆ ಕಮಿಟಿಯವರು ಕೂತಾಗ, ಹಾಲ್ ಬಾಡಿಗೆಗಿಂತ ಮೇಲೆ, ಮೊದಲನೇ ಸಾಲಿನಲ್ಲಿ 'ಕಲಾವಿದರ ಕೂಲಿ' ಅಂತ ಬರೆಯಲಿ ಅನ್ನೋದು ನನ್ನ ಕೋರಿಕೆ.